ಕೆಟಗರಿ ಪುಟವನ್ನು ಕೋಡ್‌ನಿಂದ ತಿದ್ದಿದ ನನ್ನ ಅನುಭವ

ನನ್ನ ವರ್ಡ್‌ಪ್ರೆಸ್ ತಾಣದಲ್ಲಿ ‘ಪ್ರವಾಸ’ ಎಂಬ ಕೆಟಗರಿಯೂ ಅದರಡಿ ‘ಚಾರಣ’ ಎಂಬ ಉಪಕೆಟಗರಿಯೂ ಇವೆ. ಮೂಲ ಕೆಟಗರಿಯ ಪುಟದಲ್ಲಿ ಉಪಕೆಟಗರಿಯ ಬರಹಗಳನ್ನೂ ಸೇರಿಸಿ ತೋರಿಸುವುದು ವರ್ಡ್‌ಪ್ರೆಸ್‌ನ ರೂಢಿ. ನನಗೆ ಬೇಕಿದ್ದುದು ನೇರವಾಗಿ ಪ್ರವಾಸಕ್ಕೆ ಸೇರಿಸಿದ ಬರಹಗಳು ಮಾತ್ರ, ಅದೂ ಪುಟಕ್ಕೆ ನಾಲ್ಕರಂತೆ.

ಮೊದಲು ಕೆಟಗರಿ ಪುಟದ ವಿನ್ಯಾಸವಿರುವ ಟೆಂಪ್ಲೇಟ್ ಫೈಲಿನೊಳಗೆ ಬೇರೆಯೇ ಒಂದು ಕ್ವೆರಿ, ಅಂದರೆ ಡೇಟಾಬೇಸಿನಿಂದ ಬರಹಗಳನ್ನು ಕೇಳುವ ಕೋರಿಕೆ, ಬರೆದೆ. ಎರಡನೆಯ ಪುಟದಲ್ಲೂ ಅವೇ ನಾಲ್ಕು ಬರಹಗಳು ಕಂಡಾಗ, ಕ್ವೆರಿಗೆ ಪುಟಸಂಖ್ಯೆಯನ್ನೇ ಕೊಟ್ಟಿಲ್ಲವೆಂದು ಹೊಳೆಯಿತು. ಅದನ್ನು ಕೊಟ್ಟ ಮೇಲೆ ಮೂರು ಪುಟಗಳು ಸರಿಯಾಗಿ ಬಂದವು, ನಾಲ್ಕನೆಯದು ಮಾತ್ರ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ದೋಷ. ಕಾರಣ ಲೆಕ್ಕದಲ್ಲಿತ್ತು: ನೇರವಾಗಿ ಸೇರಿದ 18 ಬರಹಗಳಿಗೆ ನಾಲ್ಕರಂತೆ ಐದು ಪುಟಗಳು ಬೇಕು, ಆದರೆ ಟೆಂಪ್ಲೇಟ್ ತೆರೆಯುವ ಮೊದಲೇ ಓಡಿ ಮುಗಿದಿರುವ ಮುಖ್ಯ ಕ್ವೆರಿಯು (ಪುಟಕ್ಕಾಗಿ ವರ್ಡ್‌ಪ್ರೆಸ್ ತಾನೇ ಓಡಿಸುವುದು) ಉಪಕೆಟಗರಿಯೂ ಸೇರಿ 27 ಬರಹಗಳನ್ನು ಹತ್ತರಂತೆ ಹಂಚಿ, ಮೂರೇ ಪುಟಗಳೆಂದು ತೀರ್ಮಾನಿಸಿರುತ್ತದೆ. ಪುಟ ಇದೆಯೋ ಇಲ್ಲವೋ ಎಂದು ಹೇಳುವುದು ಅದೇ ಹೊರತು ನಾನು ತಡವಾಗಿ ಬರೆದ ಕ್ವೆರಿಯಲ್ಲ.

ಹಾಗಾಗಿ ಟೆಂಪ್ಲೇಟನ್ನು ಮೊದಲಿನಂತೆಯೇ ಮಾಡಿ, ಚೈಲ್ಡ್ ಥೀಮಿನ (ಮೂಲ ಥೀಮನ್ನು ಮುಟ್ಟದೆ ಬದಲಾವಣೆ ಮಾಡಲು ಇರುವ ಉಪಥೀಮಿನ) ಫಂಕ್ಷನ್ಸ್ ಫೈಲಿನಲ್ಲಿ ‘ಪ್ರೀ_ಗೆಟ್_ಪೋಸ್ಟ್ಸ್’ ಹುಕ್, ಅಂದರೆ ನಮ್ಮ ಫಂಕ್ಷನ್ನನ್ನು ಸಿಕ್ಕಿಸುವ ಕೊಂಡಿ, ಬಳಸಿದೆ. ಮುಖ್ಯ ಕ್ವೆರಿ ಡೇಟಾಬೇಸಿಗೆ ಹೋಗುವ ಮುನ್ನವೇ ಅದನ್ನು ಬದಲಿಸಲು ಇಲ್ಲಿ ಅವಕಾಶವಿದೆ. ‘ಪೋಸ್ಟ್ಸ್_ಪರ್_ಪೇಜ್’ಗೆ 4 ಎಂದೂ, ‘ಕೆಟಗರಿ__ಇನ್’ಗೆ ಪ್ರವಾಸದ ಐಡಿ ಇರುವ ಅರೇಯನ್ನೂ (ಪಟ್ಟಿಯನ್ನೂ) ಕೊಟ್ಟೆ. ‘ಕ್ಯಾಟ್’ ಕೊಟ್ಟರೆ ಉಪಕೆಟಗರಿಗಳೂ ಬರುತ್ತವೆ, ‘ಕೆಟಗರಿ__ಇನ್’ ಕೊಟ್ಟರೆ ಬರುವುದಿಲ್ಲ. ಇದರ ನಡುವೆ ಎರಡು ಅಂಡರ್‌ಸ್ಕೋರ್‌ಗಳಿವೆ. ನಾನು ಒಂದನ್ನೇ ಹಾಕಿ ಅರ್ಧ ದಿನ ಕಳೆದೆ, ಏಕೆಂದರೆ ತಪ್ಪು ಹೆಸರು ಕೊಟ್ಟರೆ ವರ್ಡ್‌ಪ್ರೆಸ್ ದೂರುವುದಿಲ್ಲ, ಸುಮ್ಮನೆ ಕಡೆಗಣಿಸುತ್ತದೆ.

ಅದನ್ನು ತಿದ್ದಿದೊಡನೆ ಪ್ರವಾಸದ ಪುಟದಲ್ಲಿ ಮೆನುವೇ ಮಾಯವಾಯಿತು. ಮೆನುವಿನ ಅಂಶಗಳೂ ಡೇಟಾಬೇಸಿನಲ್ಲಿ ಪೋಸ್ಟ್‌ಗಳಾಗಿಯೇ ಇರುವುದರಿಂದ ಅವನ್ನು ತರುವ ಕ್ವೆರಿಯೂ ನನ್ನ ಫಂಕ್ಷನ್ನಿಗೆ ಸಿಕ್ಕಿತ್ತು, ಮತ್ತು ಅವು ಯಾವುವೂ ಪ್ರವಾಸ ಕೆಟಗರಿಗೆ ಸೇರಿರಲಿಲ್ಲ. ತೆರೆದಿರುವುದು ಕೆಟಗರಿ ಪುಟವೇ ಎಂದು ಕೇಳುವ ಜಾಗತಿಕ ‘ಈಸ್_ಕೆಟಗರಿ’ಯನ್ನಷ್ಟೇ ನಾನು ಪರೀಕ್ಷಿಸಿದ್ದೆ, ಅದು ಪುಟದ ಬಗ್ಗೆ ಹೇಳುತ್ತದೆ, ಕೈಯಲ್ಲಿರುವ ಕ್ವೆರಿಯ ಬಗ್ಗೆ ಅಲ್ಲ. ಈಗ ಮೂರು ಷರತ್ತುಗಳಿವೆ: ಅಡ್ಮಿನ್ ಪುಟವಾಗಿರಬಾರದು, ಕ್ವೆರಿ ಮುಖ್ಯವಾದುದೇ ಆಗಿರಬೇಕು, ಆ ಕ್ವೆರಿಯ ಕೆಟಗರಿ ಪ್ರವಾಸವೇ ಆಗಿರಬೇಕು.

ತಾಣದ ಮುಖಪುಟದಲ್ಲಿ ಸದಾ ಇರುವ ಒಂದು ಬರಹವನ್ನು ಪ್ರವಾಸದ ಪುಟದಿಂದ ಬಿಡಬೇಕಿತ್ತು. ಮೊದಲ ಇಷ್ಟು ಬರಹಗಳನ್ನು ಬಿಟ್ಟುಬಿಡು ಎನ್ನುವ ‘ಆಫ್‌ಸೆಟ್’ ಕೊಟ್ಟರೆ ಪುಟಸಂಖ್ಯೆಗೆ ಬೆಲೆಯಿಲ್ಲದೆ ಎಲ್ಲ ಪುಟಗಳಲ್ಲೂ ಅವೇ ಬರಹಗಳು ಬರುತ್ತವೆ. ಆದ್ದರಿಂದ ಅದರ ಐಡಿಯನ್ನು ‘ಪೋಸ್ಟ್__ನಾಟ್_ಇನ್’ಗೆ ಕೊಟ್ಟೆ, ಇಲ್ಲೂ ಎರಡು ಅಂಡರ್‌ಸ್ಕೋರ್‌ಗಳನ್ನು ಎಣಿಸಿಯೇ.