ಗಂಜಿಯ ಬಟ್ಟಲು ಕೆಳಗಿಟ್ಟ ಮೇಲೆ

ನನ್ನ ಹೆಂಡತಿ ತೀರಿಕೊಂಡಿದ್ದು 2012ರ ಆಷಾಢದಲ್ಲಿ, ಬನಶಂಕರಿಯ ನಮ್ಮ ಮನೆಯಲ್ಲೇ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಕೊನೆಯ ಹತ್ತು ದಿನ ನಾನು ಹಟ ಹಿಡಿದು ಮಾಡಿದ ಕೆಲಸವೆಂದರೆ ಅವಳಿಗೆ ರಾಗಿ ಗಂಜಿ ಕುಡಿಸುವುದು. ಅವಳು ತುಟಿ ಬಿಗಿಹಿಡಿಯುತ್ತಿದ್ದಳು. ನಾನು ಚಮಚದ ತುದಿಯಿಂದ ಬಿಡಿಸುತ್ತಿದ್ದೆ. ಕೆಮ್ಮಿ ಕೆಮ್ಮಿ ಮುಖವನ್ನು ಗೋಡೆಯ ಕಡೆಗೆ ಹೊರಳಿಸುತ್ತಿದ್ದಳು. ನೋಡಲು ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದುದು ಒಂದೇ ಮಾತು: "ಹೊಟ್ಟೆಗೆ ಏನಾದರೂ ಹೋಯಿತೇ?" ಅವಳನ್ನು ಬರಿಹೊಟ್ಟೆಯಲ್ಲಿ ಕಳಿಸಿಕೊಟ್ಟೆ ಎಂಬ ಮಾತು ಬರಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಇನ್ನೇನೂ ಮಾಡುವುದಕ್ಕಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಆ ಮಾತನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಮಾಡುವುದಕ್ಕೆ ಬೇಕಾದಷ್ಟಿತ್ತು. ಮಾರತ್ತಹಳ್ಳಿ ಸಮೀಪದ ಕರುಣಾಶ್ರಯ, ಗುಣವಾಗುವ ಹಂತ ಮೀರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಹಾಸ್ಪೈಸ್, 1999ರಿಂದಲೂ ಇದೇ ಊರಿನಲ್ಲಿತ್ತು. ನಮಗೆ ಯಾರೂ ಹೇಳಲಿಲ್ಲ. ಹಾಗೊಂದು ಜಾಗವಿರಬಹುದೇ ಎಂದು ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ.

ಎರಡು ವರ್ಷಕ್ಕೆ ನನ್ನ ಅಣ್ಣನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಅಷ್ಟರಲ್ಲಿ ವಿಚಾರಿಸಿ ತಿಳಿದುಕೊಂಡಿದ್ದೆ. ನಗರದ ಒಂದು ಹಾಸ್ಪೈಸ್‌ನಲ್ಲಿ ಅವನು ಕೊನೆಯ ಮೂರು ವಾರ ಕಳೆದ. ಅಲ್ಲಿಗೂ ನಾನು ಫ್ಲಾಸ್ಕಿನಲ್ಲಿ ಗಂಜಿ ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಸಿಸ್ಟರ್ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಪಕ್ಕದಲ್ಲೇ ಕುಳಿತರು. "ದೇಹ ನಿಲ್ಲುವ ಹೊತ್ತಿಗೆ ಹಸಿವೂ ನಿಲ್ಲುತ್ತದೆ ಸರ್. ಅವರು ಹಸಿದಿಲ್ಲ. ಈಗ ಕುಡಿಸಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಬಾಯಿ ಒಣಗಿದೆ, ಅದನ್ನು ನೋಡಿಕೊಳ್ಳೋಣ" ಎಂದರು. ಒದ್ದೆ ಬಟ್ಟೆಯಿಂದ ಅಣ್ಣನ ತುಟಿ ಒರೆಸುವುದನ್ನು ತೋರಿಸಿಕೊಟ್ಟರು. ಅವನು ಮುಖ ತಿರುಗಿಸಲಿಲ್ಲ. ನನಗೆ ಅಲ್ಲಿ ಕುಳಿತಿರಲು ಆಗಲಿಲ್ಲ. ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ನಿಂತುಕೊಂಡೆ. ಗೋಡೆಯ ಕಡೆಗೆ ಹೊರಳಿದ ಆ ಇನ್ನೊಂದು ಮುಖವೇ ಕಣ್ಣ ಮುಂದಿತ್ತು.

ಅಣ್ಣ ಹೋಗಿ ಎರಡು ತಿಂಗಳಿಗೆ, ಸ್ವಯಂಸೇವಕನಾಗಿ ಬರುತ್ತೇನೆಂದು ಅಲ್ಲಿಗೇ ಹೋದೆ. ಒಂದು ವರ್ಷ ಕಳೆಯಲಿ, ಆಮೇಲೆ ಬನ್ನಿ ಎಂದರು. ಆಗ ಬೇಸರವಾಯಿತು. ಈಗ ನಾನೂ ಹೊಸಬರಿಗೆ ಅದನ್ನೇ ಹೇಳುತ್ತೇನೆ. ಆ ದಿನಗಳಲ್ಲಿ ಯಾರ ಮಂಚದ ಬಳಿ ಕುಳಿತಿದ್ದರೂ ನಾನು ನನ್ನವರಿಗಾಗಿಯೇ ಅಳುತ್ತಿದ್ದೆ.

ವರ್ಷದ ಮೇಲೆ ತರಬೇತಿ ಸಿಕ್ಕಿತು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಅವರ ವಿಷಯ ಅಲ್ಲಿ ಕೇಳಿದೆ. ಆಕೆ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ನೋವೆಂದರೆ ಮೈನೋವಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ದೇವರ ಜೊತೆಗಿನ ಜಗಳದ್ದು ಎಲ್ಲ ಸೇರಿದ್ದು ಎಂದು ಆಕೆ ಹೇಳುತ್ತಿದ್ದರಂತೆ. ಚಮಚ ಹಿಡಿದು ನಿಂತ ಗಂಡನ ಸಂಕಟಕ್ಕೂ ಆ ಲೆಕ್ಕದಲ್ಲಿ ಜಾಗವಿದೆ ಎಂದು ನನಗೆ ಅಲ್ಲಿ ಅನ್ನಿಸಿತು.

ಮಂಗಳವಾರ, ಶುಕ್ರವಾರ ಹೋಗುತ್ತೇನೆ. ಔಷಧಿ ನಾವು ಮುಟ್ಟುವುದಿಲ್ಲ, ಅದು ಸಿಸ್ಟರ್‌ಗಳ ಕೆಲಸ. ಗಂಡಸರಿಗೆ ಗಡ್ಡ ಮಾಡುತ್ತೇನೆ, ಉಗುರು ಕತ್ತರಿಸುತ್ತೇನೆ, ಪೇಪರ್ ಓದಿ ಹೇಳುತ್ತೇನೆ. ಆದರೆ ಮನಸ್ಸಿಟ್ಟು ಕಲಿತದ್ದು ಬಾಯಿಯ ಆರೈಕೆ. ಮೊದಲು ತಲೆಯ ಕಡೆ ಮಂಚವನ್ನು ಎತ್ತರಿಸಬೇಕು, ಮುಖವನ್ನು ಸ್ವಲ್ಪ ಒಂದು ಬದಿಗೆ ತಿರುಗಿಸಬೇಕು. ಬೆರಳಿಗೆ ಗಾಜ್ ಬಟ್ಟೆ ಸುತ್ತಿ, ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಕೆನ್ನೆಯ ಒಳಭಾಗ, ಒಸಡು, ಕೊನೆಗೆ ನಾಲಿಗೆ. ತೀರ ಹಿಂದಕ್ಕೆ ಹೋದರೆ ವಾಂತಿ ಬರುತ್ತದೆ. ತುಟಿಗೆ ವ್ಯಾಸಲಿನ್. ಎಚ್ಚರವಿದ್ದು ನುಂಗಬಲ್ಲವರು ಕೇಳಿದರೆ ಒಂದೆರಡು ಗುಟುಕು ಕೊಡಬಹುದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹುಯ್ಯಲೇಬಾರದು. ಗಂಟೆಗೊಮ್ಮೆಯಾದರೂ ಒದ್ದೆ ಮಾಡುತ್ತಿದ್ದರೆ ಬಾಯಿ ಒಣಗಿ ಬಿರಿಯುವುದಿಲ್ಲ. ಕೊನೆಗೆ ಗಂಟಲಲ್ಲಿ ಗೊರಗೊರ ಸದ್ದು ಶುರುವಾದಾಗ ಮನೆಯವರು ಹೆದರುತ್ತಾರೆ. ಪಕ್ಕಕ್ಕೆ ಮಲಗಿಸಿದರೆ ಎಷ್ಟೋ ಕಡಿಮೆಯಾಗುತ್ತದೆ. ಆ ಸದ್ದು ಕೇಳುವವರನ್ನು ಕಾಡುವಷ್ಟು ಮಲಗಿದವರನ್ನು ಕಾಡುವುದಿಲ್ಲವೆಂದು ವೈದ್ಯರು ಹೇಳುತ್ತಾರೆ.

ಕಳೆದ ವರ್ಷ ಮುಳಬಾಗಿಲು ಕಡೆಯ ರೈತರೊಬ್ಬರು ಬಂದಿದ್ದರು. ಮಗಳು ಜೊತೆಗಿದ್ದಳು. ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಎಂದು ಯಾರೋ ಹೆದರಿಸಿದ್ದರು. ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟರೆ ಹಾಗಾಗುವುದಿಲ್ಲವೆಂದು ಡಾಕ್ಟರ್ ತಿಳಿಸಿ ಹೇಳಿದ ಮೇಲೆ ಒಪ್ಪಿದ್ದಳು. ಆದರೆ ಊಟದ ವಿಷಯದಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಮುದ್ದೆಯನ್ನು ಸಾರಿನಲ್ಲಿ ತೆಳ್ಳಗೆ ಕಲಸಿ ಅಪ್ಪನ ಬಾಯಿಗೆ ಹಿಡಿಯುತ್ತಿದ್ದಳು. ಅವರು ಹಲ್ಲು ಕಚ್ಚಿಕೊಳ್ಳುತ್ತಿದ್ದರು.

ನನ್ನ ಕಥೆಯನ್ನು ವಾರ್ಡಿನಲ್ಲಿ ಹೇಳಿಕೊಳ್ಳುವುದಿಲ್ಲ. ಅವತ್ತು ಒಂದೇ ಮಾತು ಹೇಳಿದೆ: "ನಾನೂ ಹೀಗೇ ಮಾಡಿದ್ದೆನಮ್ಮ, ನನ್ನ ಹೆಂಡತಿಗೆ." ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು. "ಹಾಗಾದರೆ ನಾನೇನು ಮಾಡಲಿ ಸರ್, ಸುಮ್ಮನೆ ಹೇಗೆ ಕುಳಿತಿರಲಿ?" ಎಂದಳು. ಅಪ್ಪನಿಗೆ ಏನು ಇಷ್ಟ ಎಂದು ಕೇಳಿದೆ. ಎಳನೀರು ಎಂದಳು. ಸಿಸ್ಟರ್ ಒಪ್ಪಿಗೆ ಪಡೆದು ಗೇಟಿನ ಹೊರಗಿನ ಗಾಡಿಯಿಂದ ತಂದೆ. ಬಟ್ಟೆ ಅದ್ದಿ ಹಿಂಡಿ ಅವಳ ಬೆರಳಿಗೆ ಸುತ್ತಿಕೊಟ್ಟೆ. ತುಟಿಗೆ ತಾಕಿಸಿದಾಗ ಅವರ ಹಲ್ಲು ಸಡಿಲವಾಯಿತು, ನಾಲಿಗೆ ಮೆಲ್ಲಗೆ ಆಡಿತು. "ಅಪ್ಪಾ, ರುಚಿ ಗೊತ್ತಾಯಿತಾ?" ಎಂದು ಕೇಳುತ್ತಾ ಸಂಜೆಯವರೆಗೂ ಅವಳು ಅದನ್ನೇ ಮಾಡುತ್ತಿದ್ದಳು. ಎರಡನೆಯ ರಾತ್ರಿ ಅವರು ಹೋದರು.

ಯುಗಾದಿಯ ನಂತರ ಅವಳಿಂದ ಫೋನ್ ಬಂತು. ಊರಿನಲ್ಲಿ ಪಕ್ಕದ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಸೊಸೆ ಬಲವಂತದಿಂದ ಹಾಲು ಕುಡಿಸುತ್ತಿದ್ದಾಳೆ, ನಾನು ಹೋಗಿ ಹೇಳಿಕೊಡಬೇಕು, ಗಂಟೆಗೆ ಎಷ್ಟು ಸಲ ಸರ್ ಎಂದು ಕೇಳಿದಳು. ಹೇಳಿದೆ. ಬಟ್ಟೆಯನ್ನು ಚೆನ್ನಾಗಿ ಹಿಂಡು ತಾಯಿ, ಹನಿ ಬೀಳಬಾರದು ಎಂದೆ.