ಮಕ್ಕಳ ಎರಡಂತಸ್ತಿನ ಮಂಚಕ್ಕೆ ಯಾವ ಕಟ್ಟಿಗೆ ತರಬೇಕು?

ಕಲಬುರಗಿಯ ನಮ್ಮ ಮನೆಯಲ್ಲಿ ಮಕ್ಕಳ ಕೋಣೆ ಎಂಟಡಿಗೆ ಹತ್ತಡಿ. ಎರಡು ಮಂಚ ಹಾಕಿದರೆ ಕಾಲಿಡಲು ಜಾಗ ಉಳಿಯಲ್ಲ. ಅದಕ್ಕೇ ರೈಲಿನ ಬರ್ತ್ ಹಾಗೆ ಮೇಲೊಂದು ಕೆಳಗೊಂದು ಮಂಚ ಮಾಡಿಸಿದೆವು. ಮೊದಲ ಸಲ ಮಾಡಿಸಿದ್ದು ಕೆಟ್ಟಿತು. ಚಳಿಗಾಲದಲ್ಲಿ ಒಂದು ಕಟ್ಟಿಗೆ ಅಡ್ಡಾದಲ್ಲಿ "ಪೂರಾ ಒಣಗಿದ ಬೇವು" ಅಂತ ಕೊಟ್ಟರು, ನಾನೂ ನಂಬಿ ತಂದೆ. ಮೇ ತಿಂಗಳ ಬಿಸಿಲಿಗೆ ಪಕ್ಕದ ಪಟ್ಟಿ ತಿರುಚಿಕೊಂಡಿತು, ಜೋಡಣೆ ಸಡಿಲಾಯಿತು, ಮೇಲೆ ಮಗ ಮಗ್ಗಲು ಬದಲಿಸಿದರೆ ಸಾಕು ಇಡೀ ಮಂಚ ಕಿರ್ ಅನ್ನೋದು. ಕೆಳಗೆ ಮಗಳು ಮಲಗಿರುತ್ತಾಳೆ. ನನಗೆ ನಿದ್ದೆ ಬರುತ್ತಿರಲಿಲ್ಲ.

ಬೇವು ಒಳ್ಳೆಯ ಕಟ್ಟಿಗೆಯೇ. ಆದರೆ ಅದು ಹಸಿ ಇತ್ತು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರಲ್ಲ. ಹಸಿ ಕಟ್ಟಿಗೆ ಅಂಥ ಹವೆಯಲ್ಲಿ ನೀರು ಬಿಟ್ಟು ಕುಗ್ಗುತ್ತದೆ. ಹಾಗಾಗಿ ಯಾವ ಜಾತಿ ಅಂತ ಕೇಳುವ ಮೊದಲು ಎಷ್ಟು ಒಣಗಿದೆ ಅಂತ ನೋಡಿ.

ನೋಡುವುದು ಸುಲಭ. ಹಲಗೆಯ ನಡುವಿನಿಂದ ಒಂದು ತುಂಡು ಕೊಯ್ಸಿ. ತುದಿಯ ತುಂಡು ಬೇಡ, ತುದಿ ಮೊದಲೇ ಒಣಗಿರುತ್ತದೆ, ಮೋಸ ಹೋಗುತ್ತೀರಿ. ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ವಾರ ಮಾಳಿಗೆ ಮೇಲೆ ಬಿಸಿಲಲ್ಲಿಟ್ಟು ಮತ್ತೆ ತೂಗಿ. 500 ಗ್ರಾಂ ಇದ್ದದ್ದು 475ಕ್ಕಿಂತ ಕೆಳಗೆ ಇಳಿದರೆ ಆ ಕಟ್ಟಿಗೆ ಇನ್ನೂ ಹಸಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನೋದು ಹಳೆಯ ಅಂದಾಜು. ಅಂದರೆ ಮೂರು ಇಂಚಿನ ಕಾಲು ಪೂರಾ ಒಣಗಿದ್ದು ಹೊಸ ಕಟ್ಟಿಗೆಯಲ್ಲಿ ಸಿಗುವುದು ಕಷ್ಟ, ಅಲ್ವಾ?

ಇಲ್ಲೇ ಹಳೆ ಮನೆಗಳು ನೆರವಿಗೆ ಬರುತ್ತವೆ. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವವರು ಇದ್ದಾರೆ. ಅದರ ತೊಲೆ, ಜಂತಿ, ಕಂಬ ಎಲ್ಲ ಹತ್ತಾರು ವರ್ಷ ಒಣಗಿದವು, ಇನ್ನು ತಿರುಚುವ ಭಯ ಕಡಿಮೆ. ಹೊಸ ಸಾಗವಾನಿಯ ರೇಟಿಗೆ ಹೋಲಿಸಿದರೆ ತುಂಬಾ ಅಗ್ಗ. ನಾನು ಎರಡನೇ ಸಲ ನಾಲ್ಕೂ ಕಾಲು ಮಾಡಿಸಿದ್ದು ಹಳೆ ತೊಲೆಯಿಂದಲೇ. ತರುವಾಗ ಸ್ಕ್ರೂಡ್ರೈವರ್‌ನಿಂದ ಅಲ್ಲಲ್ಲಿ ಚುಚ್ಚಿ ನೋಡಿ, ಮೆತ್ತಗೆ ಒಳಗಿಳಿದರೆ ಬೇಡ. ಗೋಡೆಯೊಳಗೆ ಕೂತಿದ್ದ ತುದಿಗೆ ಗೆದ್ದಲು ಹತ್ತಿರುತ್ತದೆ, ಆ ಒಂದಡಿ ಕೊಯ್ದು ಬಿಸಾಕಿ. ಸಾ ಮಿಲ್ಲಿಗೆ ಒಯ್ಯುವ ಮೊದಲು ಮ್ಯಾಗ್ನೆಟ್ ಓಡಿಸಿ ಮೊಳೆಗಳನ್ನೆಲ್ಲ ಕೀಳಿ. ಮುರಿದ ಬ್ಲೇಡಿನ ದುಡ್ಡು ನಿಮ್ಮ ತಲೆಗೇ ಬರುತ್ತದೆ.

ಹಳೆ ಬಾಗಿಲಿನ ಬಣ್ಣ ಹತ್ತಿದ ಹಲಗೆ ಮಾತ್ರ ಮಕ್ಕಳ ಮಂಚಕ್ಕೆ ತರಬೇಡಿ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ ಅನ್ನುವ ವಿಷದ ಲೋಹ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಹಳೆ ಬಣ್ಣ ಉಜ್ಜಿದರೆ ಆ ಪುಡಿ ಮಕ್ಕಳ ಮೈಗೆ ಸೇರುತ್ತದೆ.

ಹೊಸದೇ ಬೇಕಿದ್ದರೆ ನನ್ನ ಆಯ್ಕೆ ಬೇವು. ಗಟ್ಟಿ, ಗೆದ್ದಲು ಬೇಗ ಹತ್ತಲ್ಲ. ಉಜ್ಜುವಾಗ ಎಳೆ ಕೀಳುತ್ತದೆ ಅಂತ ಬಡಿಗರು ಗೊಣಗುತ್ತಾರೆ, ಕೂಲಿ ಸ್ವಲ್ಪ ಜಾಸ್ತಿ ಕೇಳಬಹುದು. ಜಾಲಿ ಇನ್ನೂ ಗಟ್ಟಿ, ಬಂಡಿ ಗಾಲಿ ಮಾಡುತ್ತಿದ್ದ ಕಟ್ಟಿಗೆ. ಆದರೆ ಭಾರ, ಮೇಲಿನ ಮಂಚಕ್ಕೆಲ್ಲ ಅದನ್ನೇ ಹಾಕಬೇಡಿ, ಏಣಿ ಮೆಟ್ಟಿಲಿಗೆ ಚೆನ್ನ. ಬಳ್ಳಾರಿ ಜಾಲಿ ಉದ್ದಕ್ಕೆ ನೆಟ್ಟಗೆ ಸಿಗುವುದೇ ಅಪರೂಪ. ಮಾವಿಗೆ ಹುಳ ಬೇಗ ಬೀಳುತ್ತದೆ. ನೀಲಗಿರಿ ತಿರುಚುತ್ತದೆ, ಸೀಳುತ್ತದೆ. ಯಾವ ಮರವಾದರೂ ಒಳಗಿನ ಕೆಚ್ಚು ನೋಡಿ ಆರಿಸಿ, ಹೊರಗಿನ ಬಿಳಿ ಭಾಗವನ್ನು ಹುಳ ತಿಂದು ಹಿಟ್ಟು ಮಾಡುತ್ತದೆ.

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಅಗ್ಗಕ್ಕೆ ಸಿಗುತ್ತದೆ. ಗಾದಿ ಹೊರುವ ಹಾಸಿನ ಅಡ್ಡಪಟ್ಟಿಗೆ ಸಾಕು. ಹೊರದೇಶದಿಂದ ಬಂದ ಪೆಟ್ಟಿಗೆ ಮೇಲೆ ಒಂದು ಮುದ್ರೆ ಇರುತ್ತದೆ. "ಎಚ್‌ಟಿ" ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ತರಬಹುದು. "ಎಂಬಿ" ಅಂತಿದ್ದರೆ ವಿಷದ ಗಾಳಿ ಹಾಕಿದ್ದು, ಬಿಟ್ಟುಬಿಡಿ. ಪಾರ್ಟಿಕಲ್ ಬೋರ್ಡ್ ಅಂತೂ ಬೇಡವೇ ಬೇಡ, ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಹಿಡಿಯಲ್ಲ.

ದುಡ್ಡು ಉಳಿಸುವ ದಾರಿ ಅಂದರೆ ಬೆರೆಸುವುದು. ಕಾಲು, ಪಕ್ಕದ ಉದ್ದ ಪಟ್ಟಿ, ಏಣಿ, ಇವಕ್ಕೆ ಒಳ್ಳೆಯದು. ಹಾಸಿನ ಅಡ್ಡಪಟ್ಟಿಗೆ, ಮಗು ಕೆಳಗೆ ಬೀಳದಂತೆ ಹಾಕುವ ತಡೆಪಟ್ಟಿಗೆ ಅಗ್ಗದ್ದು ನಡೆಯುತ್ತದೆ, ಗಂಟು ಮಾತ್ರ ಇರಬಾರದು.

ಎಷ್ಟು ಬೇಕು? ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ ಮತ್ತು ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಮೂರು ಇಂಚು ಚೌಕದ, ಐದೂವರೆ ಅಡಿ ಎತ್ತರದ ನಾಲ್ಕು ಕಾಲಿಗೆ 1.4 ಘನ ಅಡಿ ಆಯಿತು. ಆರೂಕಾಲಡಿ ಉದ್ದ ಮೂರಡಿ ಅಗಲದ ನಮ್ಮ ಮಂಚಕ್ಕೆ ಒಟ್ಟು ಆರರ ಹತ್ತಿರ ಬಂತು. ಉಜ್ಜಿ, ಕೊಯ್ದು ಹೋಗುವುದು ಸೇರಿಸಿ ಏಳು ತಂದೆ. ಈ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋಗಿ, ಅಡ್ಡಾದಲ್ಲಿ ನಿಂತು ಮಾಡಬೇಡಿ.

ಅಳತೆ ಕೊಡುವಾಗ ಗಾದಿಯ ದಪ್ಪ ಮರೆಯಬೇಡಿ. ಮೇಲಿನ ಮಂಚದ ತಡೆಪಟ್ಟಿಯ ಮೇಲಂಚು ಗಾದಿಗಿಂತ ಐದು ಇಂಚಾದರೂ ಮೇಲಿರಬೇಕು, ಗೋಡೆ ಕಡೆಗೂ ಬೇಕು. ಪಟ್ಟಿಗಳ ನಡುವೆ ಮೂರೂವರೆ ಇಂಚಿಗಿಂತ ಜಾಸ್ತಿ ಸಂದು ಬೇಡ. ಆರು ವರ್ಷದೊಳಗಿನ ಮಗುವನ್ನು ಮೇಲೆ ಮಲಗಿಸಬೇಡಿ. ಇನ್ನು ಸೀಲಿಂಗ್ ಫ್ಯಾನ್. ಮೇಲಿನ ಗಾದಿ ಐದಡಿ ಎತ್ತರದಲ್ಲಿರುತ್ತದೆ, ಅದರ ಮೇಲೆ ನಾಲ್ಕಡಿಯ ಮಗು ನಿಂತು ಕೈ ಎತ್ತಿದರೆ ಎಲ್ಲಿಗೆ ತಲುಪುತ್ತದೆ ನೀವೇ ನೋಡಿ. ಮಂಚವನ್ನು ಫ್ಯಾನಿನಿಂದ ದೂರದ ಗೋಡೆಗೆ ಹಾಕಿ, ಇಲ್ಲವೇ ಜಾಲರಿಯಿರುವ ಗೋಡೆ ಫ್ಯಾನ್ ಹಾಕಿಸಿ.

ಬಣ್ಣದ ಬದಲು ನಾವು ಅಗಸೆ ಎಣ್ಣೆ ಹಚ್ಚಿದೆವು, ಅಗಸಿ ಹಿಂಡಿ (ಅಗಸೆ ಚಟ್ನಿಪುಡಿ) ತಿನ್ನುವ ನಮ್ಮೂರಲ್ಲಿ ಗಾಣದ ಎಣ್ಣೆಗೇನು ಬರ? ತೆಳ್ಳಗೆ ಹಚ್ಚಿ, ಒರೆಸಿ, ದಿನಗಟ್ಟಲೆ ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಆ ಎಣ್ಣೆ ಒಣಗುವಾಗ ತಾನಾಗಿ ಕಾಯ್ದು ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರವಿ.

ಜೋಡಣೆಗೆ ಮೊಳೆ ಬೇಡ, ನಟ್ ಬೋಲ್ಟ್ ಹಾಕಿಸಿ. ನಾನು ಮೇ ಕೊನೆಗೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪಾನಾ (ಸ್ಪ್ಯಾನರ್) ಹಿಡಿದು ಎಲ್ಲ ಬೋಲ್ಟ್ ಬಿಗಿ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ.