ಲೈನ್ ಮನೆಗಳತ್ತ: ಕೊಡಗಿನಲ್ಲಿ ಚರ್ಚಿನ ಹೊರಗಿನ ಸೇವೆ

ಕೊಡಗಿನಲ್ಲಿ ಚರ್ಚಿನ ಹೊರಗೆ ಸೇವೆಯನ್ನು ಆರಂಭಿಸಬೇಕೆನ್ನುವ ಕ್ರೈಸ್ತ ಸಭೆಯು ಮೊದಲು ಕಾಫಿ ತೋಟದ ಕೆಲಸದ ಕಾಲವನ್ನು ಅರಿತುಕೊಳ್ಳಬೇಕು. ನವೆಂಬರಿನ ಹೊತ್ತಿಗೆ ಅರೇಬಿಕಾ, ಜನವರಿಯ ನಂತರ ರೋಬಸ್ಟಾ ಕೊಯ್ಲು ನಡೆಯುವುದರಿಂದ, ಆ ತಿಂಗಳುಗಳಲ್ಲಿ ಹಗಲು ಲೈನ್ ಮನೆಗಳಿಗೆ (ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳಿಗೆ) ಹೋದರೆ ಮಕ್ಕಳೂ ವೃದ್ಧರೂ ಮಾತ್ರ ಸಿಗುತ್ತಾರೆ. ಹಣ್ಣು ತೂಗಿಸಿ ಬಂದವರಿಗೆ ಸ್ನಾನ, ಅಡುಗೆಗೆ ಒಂದು ಗಂಟೆಯಾದರೂ ಬಿಟ್ಟು ಹೋಗುವುದು ಸೌಜನ್ಯ. ತೋಟದ ಮಾಲೀಕರ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ದಿನಗಳಲ್ಲಿ ಕಾರ್ಯಕ್ರಮ ಬೇಡ.

ಮೊದಲ ಎರಡು ಮೂರು ಭೇಟಿಗಳಲ್ಲಿ ಕೇಳಿಸಿಕೊಳ್ಳುವುದೇ ಕೆಲಸ. ಪಡಿತರ ಚೀಟಿ, ಆಧಾರ್ ವಿಳಾಸ, ಶಾಲೆ ಬಿಟ್ಟ ಮಗು, ಮನೆಯ ಯಜಮಾನನ ಕುಡಿತ ಇವೇ ಅಲ್ಲಿನ ಮಾತುಗಳು. ಎರವ ಅಥವಾ ತಮಿಳು ಮನೆಮಾತಿನವರಿಗೆ ಕನ್ನಡದ ಅರ್ಜಿಯನ್ನು ಓದಿ, ತುಂಬಿಸಿಕೊಡಬಲ್ಲ ಒಬ್ಬ ಯುವತಿ, ನನ್ನ ಅಭಿಪ್ರಾಯದಲ್ಲಿ, ಧ್ವನಿವರ್ಧಕ ಹಿಡಿದ ಹತ್ತು ಮಂದಿಗಿಂತ ಉಪಯುಕ್ತಳು.

ಅಕ್ಕಿ, ಕಂಬಳಿ ಕೊಡುವಾಗ ಪ್ರಾರ್ಥನೆಗೆ ಬರಬೇಕೆಂಬ ಷರತ್ತನ್ನು, ಅದರ ಸುಳಿವನ್ನೂ ಸಹ, ಇಡಬಾರದು. ಸಂವಿಧಾನದ 25ನೇ ವಿಧಿಯು ಧರ್ಮಪ್ರಚಾರದ ಹಕ್ಕನ್ನು ನೀಡಿದೆಯಾದರೂ, ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಯಾರಾದರೂ ತಾವಾಗಿಯೇ ಪ್ರಾರ್ಥನೆಯನ್ನು ಕೇಳಿದರೆ, ಮನೆಯವರ ಒಪ್ಪಿಗೆಯಿಂದ, ಚಿಕ್ಕದಾಗಿ ಮಾಡಿ.

2018ರ ಆಗಸ್ಟಿನ ಭೂಕುಸಿತವನ್ನು ಕಂಡ ಜಿಲ್ಲೆಯಿದು. ಆದ್ದರಿಂದ ಮೇ ತಿಂಗಳಿನಲ್ಲೇ ಚರ್ಚಿನ ಸಭಾಂಗಣದಲ್ಲಿ ಚಾಪೆ, ಕುಡಿಯುವ ನೀರು, ದೊಡ್ಡ ಪಾತ್ರೆಗಳನ್ನು ಸಿದ್ಧವಾಗಿಟ್ಟು, ಎಷ್ಟು ಜನರಿಗೆ ಸ್ಥಳವಿದೆಯೆಂದು ಗ್ರಾಮ ಪಂಚಾಯಿತಿಗೆ ಬರವಣಿಗೆಯಲ್ಲಿ ತಿಳಿಸಿ. ಬೀಗದ ಕೈ ಯಾರ ಬಳಿಯಿದೆ ಎಂಬುದನ್ನೂ ಬರೆಯಿರಿ.